ಮುದ್ರೆ ಸಾಹೇಬರ ಮೂರಿಂಚು

ಊರಿನಲ್ಲಿ ಎಷ್ಟು ತಕ್ಕಡಿಗಳಿದ್ದವೋ ಅಷ್ಟಕ್ಕೂ ಮುದ್ರೆ ಸಾಹೇಬರನ್ನು ಕಂಡರೆ ನಡುಕ. ತಕ್ಕಡಿಗೇ ನಡುಕ ಬಂದ ಮೇಲೆ ಅದರ ಹಿಂದೆ ಕೂತವನ ಪಾಡು ಹೇಳಬೇಕೆ? ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಅವರಿಗೆ ಇದ್ದದ್ದು ಒಂದೇ ಕೆಲಸ. ಅಂಗಡಿಗಳ ತೂಕದ ಬಟ್ಟು, ಲೀಟರಿನ ಡಬ್ಬಿ, ಬಟ್ಟೆಯ ಅಳತೆಕೋಲು ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು. ಮುದ್ರೆ ಬಿದ್ದದ್ದು ಸತ್ಯ, ಬೀಳದ್ದು ಸುಳ್ಳು. ಇಡೀ ಪ್ರಪಂಚವನ್ನು ಅವರು ಹೀಗೆ ಎರಡು ಪಾಲು ಮಾಡಿಟ್ಟಿದ್ದರು.

ಇಂಥವರು ತಮ್ಮ ಎತ್ತರವನ್ನು ಮಾತ್ರ ಒಮ್ಮೆಯೂ ಅಳೆದುಕೊಂಡಿರಲಿಲ್ಲ. ಅಳೆಯುವುದೇಕೆ? ಕೆಲಸಕ್ಕೆ ಸೇರಿದ ದಿನ ಯಾರೋ ಗುಮಾಸ್ತ ಊಟಕ್ಕೆ ಹೋಗುವ ಅವಸರದಲ್ಲಿ ಸೇವಾ ಪುಸ್ತಕದಲ್ಲಿ ‘ಎತ್ತರ: ಐದು ಅಡಿ ಏಳು ಇಂಚು’ ಎಂದು ಬರೆದು ಮುದ್ರೆ ಒತ್ತಿದ್ದ. ಮುದ್ರೆ ಬಿದ್ದಿತು, ಅಲ್ಲಿಗೆ ಮುಗಿಯಿತು. ಮದುವೆಯಾದ ಮೇಲೆ ನೋಡಿದರೆ ಹೆಂಡತಿ ಅವರಿಗಿಂತ ಎರಡಿಂಚು ಎತ್ತರ ಕಂಡಳು. ಅದರಿಂದ ಸಾಹೇಬರಿಗೆ ತಮ್ಮ ಮೇಲೆ ಅನುಮಾನವೇನೂ ಬರಲಿಲ್ಲ. ಹೆಂಡತಿ ಐದು ಅಡಿ ಒಂಬತ್ತು ಇಂಚು ಇರಬೇಕೆಂದು ಲೆಕ್ಕ ಹಾಕಿ, “ನಮ್ಮವಳು ಭಾರೀ ಎತ್ತರ” ಎಂದು ಬಂದವರ ಮುಂದೆಲ್ಲ ಹೆಮ್ಮೆಪಟ್ಟುಕೊಂಡರು.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಗ್ರಂಥಾಲಯದಲ್ಲಿ. ಸದ್ದು ಮಾಡದೆ ಇರುವುದಕ್ಕೇ ಸಂಬಳ ಪಡೆಯುವಾಕೆ. ಸಂಸಾರದ ಮೊದಲ ತಿಂಗಳೇ ಸಾಹೇಬರು ದರ್ಜಿಯ ಅಂಗಡಿಯಲ್ಲಿ ನಿಂತು, “ಐದೂ ಏಳರ ಆಳು ಅಂದ್ರೆ ಪ್ಯಾಂಟಿನ ಉದ್ದ ನಲವತ್ತೊಂದು, ಬರ್ಕೋ” ಎಂದು ಅಪ್ಪಣೆ ಕೊಟ್ಟು, ಅವನು ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿ ಆಡಿಸಿ ಮುಗಿಸುವವರೆಗೂ ತಮ್ಮ ಅಳತೆಕೋಲು ಹಿಡಿದು ಕಾವಲು ನಿಂತು ಬಂದಿದ್ದರು. ಪ್ಯಾಂಟು ತರಲು ಹೋದ ಹೆಂಡತಿ ಅದನ್ನು ಎತ್ತಿ ಹಿಡಿದು ನೋಡಿದಳು. ಮತ್ತೊಮ್ಮೆ ನೋಡಿದಳು.

“ಮೂರಿಂಚು ಕತ್ತರಿಸಿಬಿಡಿ,” ಎಂದಳು. “ಅವರಿಗೆ ಹೇಳೋದು ಬೇಡ.”

“ನಂಗ್ಯಾಕಮ್ಮ ಹೇಳೋ ಉಸಾಬರಿ,” ಎಂದ ದರ್ಜಿ. “ನನ್ನ ಟೇಪಿಗೆ ಮುದ್ರೆ ಒತ್ತೋರು ಅವರೇ.”

ಅಂದು ಶುರುವಾದದ್ದು ಇಪ್ಪತ್ತೆರಡು ವರ್ಷ ನಡೆಯಿತು. ವರ್ಷಕ್ಕೆ ಎರಡು ಪ್ಯಾಂಟು. ಸಾಹೇಬರು ನಲವತ್ತೊಂದು ಎನ್ನುವರು, ದರ್ಜಿ ನಲವತ್ತೊಂದೇ ಹೊಲಿಯುವನು, ಹೆಂಡತಿ ಹೋಗಿ ಮೂವತ್ತೆಂಟು ಮಾಡಿಸಿ ತರುವಳು. ಕತ್ತರಿಸಿದ ತುಂಡುಗಳನ್ನೂ ಬಿಡದೆ ಚೀಲಕ್ಕೆ ಹಾಕಿಕೊಳ್ಳುವಳು. ಸಾಹೇಬರು ಕನ್ನಡಿಯ ಮುಂದೆ ನಿಂತು, “ನೋಡು, ಅಳತೆ ಅಂದ್ರೆ ಹೀಗಿರಬೇಕು” ಎನ್ನುವರು. ಆಕೆ ಹೌದೆಂದು ತಲೆಯಾಡಿಸುವಳು.

ಹೀಗೇ ನಿವೃತ್ತಿಯವರೆಗೂ ನಡೆಯುತ್ತಿತ್ತೋ ಏನೋ. ನಡುವೆ ಸೈಕಲ್ಲು ಅಡ್ಡ ಬಂತು.

ಕಚೇರಿಯಲ್ಲಿ ಯಾರೋ ಸೈಕಲ್ ತುಳಿದು ಹೊಟ್ಟೆ ಕರಗಿಸಿದ್ದನ್ನು ನೋಡಿ ಸಾಹೇಬರು ಒಂದು ಸಂಜೆ ಸೈಕಲ್ ಅಂಗಡಿಗೆ ಹೋದರು. ಅಂಗಡಿಯವನು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗಿನಿಂದ ಒಂದು ಪುಟ್ಟ ಸೈಕಲ್ಲನ್ನು ತಳ್ಳಿಕೊಂಡು ಬಂದ.

“ನಿಮಗೆ ಇದೇ ಕರೆಕ್ಟು ಸಾರ್. ಹೈಸ್ಕೂಲ್ ಮಕ್ಕಳೆಲ್ಲ ಇದನ್ನೇ ತಗೊಂಡು ಹೋಗ್ತಾರೆ.”

ಸಾಹೇಬರು ಆ ಅಂಗಡಿಯ ಗಾಳಿ ಪಂಪಿನ ಮೀಟರಿಗೆ ಮುದ್ರೆ ಇದೆಯೇ ಎಂದು ನೋಡಿದರು. ಇರಲಿಲ್ಲ. ನೋಟೀಸು ಬರೆದುಕೊಟ್ಟು ಹೊರಬಿದ್ದರು. ಹೊರಬೀಳುವಾಗ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದ ಕಣ್ಣಿಗೆ ಬಿತ್ತು. ‘ನಿಮ್ಮ ಸೈಕಲ್ಲಿನ ಫ್ರೇಮನ್ನು ನೀವೇ ಕಟ್ಟಿ. ಆರು ಭಾನುವಾರಗಳ ತರಬೇತಿ. ನಿಮ್ಮದೇ ಅಳತೆ.’

“ಇವಳೇ,” ಎಂದರು ಮನೆಗೆ ಬಂದು, ಬಾಗಿಲಲ್ಲಿದ್ದ ಪಟ್ಟೆಪಟ್ಟೆ ಕಾಲೊರಸಿನ ಮೇಲೆ ಬೂಟು ಉಜ್ಜುತ್ತ. “ನನ್ನ ಅಳತೆಗೆ ಅಂಗಡೀಲಿ ಸೈಕಲ್ ಸಿಗೋದಿಲ್ಲ. ನಾನೇ ಕಟ್ಕೋತೀನಿ.”

“ಅಲ್ಲಿ ಅಳತೆ ತಗೋತಾರಾ?” ಎಂದು ಕೇಳಿದಳು ಹೆಂಡತಿ. ಆಕೆಗೆ ಬೇರೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ.

ಮೊದಲ ಭಾನುವಾರ ಊಟದ ಡಬ್ಬಿಯ ನೆವ ಮಾಡಿಕೊಂಡು ಆಕೆಯೂ ಹೋದಳು. ಹಳೆಯ ಗಿರಣಿಯ ಹಿಂದೆ ತಗಡಿನ ಶೆಡ್ಡು. ಕಲಿಸುವ ಮೇಷ್ಟ್ರಿಗೆ ಒಂದೇ ಹುಬ್ಬು. ಇನ್ನೊಂದನ್ನು ಬೆಸುಗೆಯ ಬೆಂಕಿ ಯಾವಾಗಲೋ ತೆಗೆದುಕೊಂಡಿತ್ತು. ಕಲಿಯಲು ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬರು ನಿವೃತ್ತ ಬಸ್ ಡ್ರೈವರು. ಮೇಷ್ಟ್ರು ಒಬ್ಬೊಬ್ಬರನ್ನೇ ಬರಿಗಾಲಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿ, ಕಾಲಿನ ಉದ್ದ ಅಳೆದು ಹಲಗೆಯ ಮೇಲೆ ಬರೆಯುತ್ತಿದ್ದರು. ಸಾಹೇಬರ ಸರದಿ ಬಂತು.

“ಬನ್ನಿ ಸಾರ್, ಬೂಟು ಬಿಚ್ಚಿ.”

“ನನ್ನನ್ನ ಅಳೀತೀರಾ?” ಎಂದರು ಸಾಹೇಬರು. “ಊರಿನ ಅಳತೆಕೋಲಿಗೆಲ್ಲ ಮುದ್ರೆ ಒತ್ತೋನು ನಾನು. ಬರ್ಕೊಳ್ಳಿ. ಪ್ಯಾಂಟಿನ ಉದ್ದ ನಲವತ್ತೊಂದು. ಇಪ್ಪತ್ತೆರಡು ವರ್ಷದಿಂದ ಕೂದಲೆಳೆಯಷ್ಟು ಆಚೀಚೆ ಆಗಿಲ್ಲ.”

ಮೇಷ್ಟ್ರು ಅವರ ಪ್ಯಾಂಟನ್ನು ನೋಡಿದರು. ಅದು ಬೂಟಿನ ಮೇಲೆ ಎಲ್ಲಿ ಕೂರಬೇಕೋ ಅಲ್ಲಿ ಕೂತಿತ್ತು. ಇಂಥ ಪ್ಯಾಂಟಿನ ಮುಂದೆ ವಾದ ಮಾಡುವುದು ಹೇಗೆ? ಅದರ ಲೆಕ್ಕದಲ್ಲೇ ಫ್ರೇಮಿನ ಅಳತೆ ಕಟ್ಟಿ ಬರೆದುಕೊಂಡರು.

ಊಟದ ಹೊತ್ತಿಗೆ ಹೆಂಡತಿ ಮೇಷ್ಟ್ರನ್ನು ಗ್ಯಾಸ್ ಸಿಲಿಂಡರುಗಳ ಮರೆಗೆ ಕರೆದು, ದನಿ ತಗ್ಗಿಸಿ ಕೇಳಿದಳು. “ಎಲ್ಲ ಆದಮೇಲೆ ಕೊನೇಲಿ ಒಂದು ಮೂರಿಂಚು ಮಡಿಸಿ ಕೊಡೋಕಾಗುತ್ತಾ?”

“ಏನನ್ನ?”

“ಫ್ರೇಮನ್ನ.”

ಮೇಷ್ಟ್ರು ಇದ್ದ ಒಂದು ಹುಬ್ಬನ್ನೂ ಮೇಲೇರಿಸಿದರು. “ಅಮ್ಮಾ, ಇದು ಉಕ್ಕು. ಮಡಿಸಿ ಹೊಲಿಯೋಕೆ ಇದಕ್ಕೆ ಅಂಚಿರಲ್ಲ.”

ಆಕೆ ವಿಷಯ ಹೇಳಿದಳು. ಮೇಷ್ಟ್ರು ಸಾಹೇಬರ ಕಡೆಗೊಮ್ಮೆ ನೋಡಿ ತಲೆ ಕೆರೆದುಕೊಂಡರು. “ಸೀಟನ್ನ ಪೂರ್ತಿ ಕೆಳಗಿಳಿಸಿದ್ರೆ ಹೆಂಗೋ ನಡೀಬಹುದು. ಹೇಳೋದಾದ್ರೆ ನೀವೇ ಹೇಳಿ. ನನ್ನ ಟೇಪಿಗಿನ್ನೂ ಮುದ್ರೆ ಹಾಕಿಸಿಲ್ಲ.”

ಆಕೆ ಹೇಳಬೇಕೆಂದೇ ಇದ್ದಳು. ಆದರೆ ಎರಡನೆಯ ಭಾನುವಾರ ಸಾಹೇಬರು ಮನೆಗೆ ಬಂದಾಗ ಬೆರಳ ತುದಿಯೆಲ್ಲ ಕಪ್ಪಾಗಿತ್ತು, ಮುಖ ಬೆಳಗುತ್ತಿತ್ತು. ಒಂದು ಕೊಳವೆ ಇನ್ನೊಂದಕ್ಕೆ ಸಂದಿಲ್ಲದೆ ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯ ಹಾಗೆ ಅರದಿಂದ ಉಜ್ಜಿ ಬಗ್ಗಿಸಬೇಕಂತೆ. ಇವರು ಉಜ್ಜಿದ್ದನ್ನು ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, “ಒಂದು ಗೆರೆ ಬೆಳಕೂ ದಾಟಲ್ಲ ಸಾರ್” ಎಂದರಂತೆ. ಇಪ್ಪತ್ನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದ ಕಣ್ಣು ಮೊದಲ ಬಾರಿಗೆ ತಾನೇ ಒಂದು ಸರಿ ಮಾಡಿತ್ತು. ನಾಲ್ಕನೆಯ ಭಾನುವಾರ ಹಿತ್ತಾಳೆ ಕರಗಿ ಬೆಸುಗೆಯ ಸುತ್ತ ಹೇಗೆ ತಾನಾಗಿ ಹರಿಯಿತೆಂದು ಅನ್ನ ಕಲಸುವುದನ್ನು ಮರೆತು ವಿವರಿಸಿದರು. ಇಂಥ ಮನುಷ್ಯನಿಗೆ ‘ರೀ, ನೀವು ಕುಳ್ಳ’ ಎಂದು ಯಾವ ತುತ್ತಿನ ನಡುವೆ ಹೇಳುವುದು? ಆರನೆಯ ಭಾನುವಾರ ಬಂದೇಬಿಟ್ಟಿತು.

ಅಂದು ಸಾಹೇಬರು ಬೀದಿಯವರನ್ನೆಲ್ಲ ಶೆಡ್ಡಿಗೆ ಕರೆದಿದ್ದರು. ಎದುರುಮನೆಯ ಟೀಚರಮ್ಮ ಬಂದಿದ್ದರು, ದರ್ಜಿ ಬಂದು ಎಲ್ಲರಿಗಿಂತ ಹಿಂದೆ ನಿಂತಿದ್ದ. ಫ್ರೇಮಿಗೆ ಗಾಲಿ, ಪೆಡಲು, ಸೀಟು ಎಲ್ಲ ಕೂತು, ಹಸಿರು ಬಣ್ಣದ ಸೈಕಲ್ಲು ಅಂಗಳದಲ್ಲಿ ಠೀವಿಯಿಂದ ನಿಂತಿತ್ತು. ಸಾಹೇಬರು ಕಾಲು ಎತ್ತಿ ದಾಟಿಸಿದರು. ಒಂದು ಕಾಲು ಆಚೆ ಹೋಯಿತು, ಆದರೆ ಎರಡೂ ಕಾಲು ನೆಲಕ್ಕೆ ಮುಟ್ಟಲಿಲ್ಲ. ಮೇಲಿನ ಕೊಳವೆಯ ಮೇಲೆ ಅವರು ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡಿದರು.

ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಅಳತೆಯ ಸಾಮಾನಿತ್ತು.

ಡ್ರೈವರು ಬಂದು ಕಂಕುಳಿಗೆ ಕೈಕೊಟ್ಟು ಇಳಿಸಿದರು. ಸಾಹೇಬರು ಬೂಟಿನ ಧೂಳು ಕೊಡವಿ, ಚೀಲದಿಂದ ಕಚೇರಿಯ ಅಳತೆಕೋಲು ತೆಗೆದು, ಮೊದಲು ಮೇಷ್ಟ್ರ ಟೇಪನ್ನು ಪರೀಕ್ಷಿಸಿದರು. ಸರಿಯಿತ್ತು. ಫ್ರೇಮನ್ನು ಅಳೆದರು. ನಲವತ್ತೊಂದರ ಕಾಲಿಗೆ ತಕ್ಕ ಹಾಗೇ ಇತ್ತು. ಅಲ್ಲಿಂದ ದರ್ಜಿಯ ಭುಜ ಹಿಡಿದು ಅವನ ಅಂಗಡಿಗೆ ನಡೆದರು. ಹೆಂಡತಿ ಹಿಂದೆಯೇ ಓಡಿದಳು. ದರ್ಜಿಯ ಟೇಪೂ ಸರಿ. ಪುಸ್ತಕದಲ್ಲಿ ನಲವತ್ನಾಲ್ಕು ಪ್ಯಾಂಟು, ಪ್ರತಿಯೊಂದರ ಮುಂದೆ ನಲವತ್ತೊಂದು. ಕೊನೆಗೆ ತಾವು ತೊಟ್ಟಿದ್ದ ಪ್ಯಾಂಟಿಗೇ ಟೇಪು ಹಿಡಿಸಿದರು.

“ಮೂವತ್ತೆಂಟು,” ಎಂದ ದರ್ಜಿ. ಅವನ ದನಿ ಸೂಜಿಯ ಕಣ್ಣಿನಿಂದ ಬಂದಂತಿತ್ತು.

“ನೀನು ಹೊಲಿದದ್ದು ನಲವತ್ತೊಂದು. ಈಗ ಮೂವತ್ತೆಂಟು. ಹೇಗೆ?”

ದರ್ಜಿ ಹೆಂಡತಿಯ ಮುಖ ನೋಡಿದ. ಆಕೆ ಬಾಯಿ ತೆರೆಯುವುದರೊಳಗೆ ಅವನ ಬಾಯಿಂದ ಜಾರಿತು. “ಒಗೆದೂ ಒಗೆದೂ ಕುಗ್ಗಿರಬೇಕು ಸಾರ್.”

ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. ಅವರ ಯೋಚನೆ ಯಾವಾಗಲೂ ನೆಟ್ಟಗೆ ಹೋಗುವಂಥದ್ದು. ದಾರಿಯಲ್ಲಿ ಗೋಡೆ ಇದ್ದರೂ ನಿಲ್ಲುವುದಿಲ್ಲ.

“ಪ್ಯಾಂಟು ಮೂರಿಂಚು ಕುಗ್ಗಿದ್ರೆ ನನಗೆ ಗಿಡ್ಡ ಆಗಬೇಕಿತ್ತು. ಆಗಿಲ್ಲ, ಸರಿಯಾಗೇ ಇದೆ,” ಎಂದರು ನಿಧಾನವಾಗಿ. “ಅಂದ್ರೆ ಅದರ ಜೊತೆ ನಾನೂ ಕುಗ್ಗಿದೀನಿ.”

ಮರುದಿನ ಡಾಕ್ಟರು ಅಳೆದರು. ಐದು ಅಡಿ ನಾಲ್ಕು ಇಂಚು. ಸಾಹೇಬರು ಸೇವಾ ಪುಸ್ತಕದ ನಕಲನ್ನು ಮೇಜಿನ ಮೇಲಿಟ್ಟರು. ಐದು ಅಡಿ ಏಳು ಇಂಚು, ಮುದ್ರೆ ಸಮೇತ. ಡಾಕ್ಟರು ಬೆನ್ನಿನ ಚಿತ್ರ ತೆಗೆಸಿದರು, ಮೂಳೆ ತಟ್ಟಿ ನೋಡಿದರು. “ಮೂಳೆ ಕಲ್ಲಿನ ಹಾಗಿದೆ. ಅದೇ ನಂಗೆ ಅರ್ಥ ಆಗ್ತಿಲ್ಲ,” ಎಂದರು.

ಡಾಕ್ಟರಿಗೇ ಅರ್ಥವಾಗದ ಕಾಯಿಲೆಯೆಂದರೆ ಬೀದಿಗೆ ಹಬ್ಬ. “ನಂಗೆ ಮೊದಲೇ ಡೌಟು ಇತ್ತು,” ಎಂದರು ಟೀಚರಮ್ಮ. “ಮುಂಚೆ ಕಾಂಪೌಂಡಿನ ಮೇಲೆ ಅವರ ಮೂಗು ಕಾಣಿಸ್ತಿತ್ತು. ಈಗ ಬರೀ ಕನ್ನಡಕ.” ಕಾಂಪೌಂಡು ಏರಿಸಿದ್ದು ಅವರೇ ಎಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಿರಲಿಲ್ಲ.

ಬುಧವಾರ ಸಾಹೇಬರ ಅಕ್ಕ ಪೆಟ್ಟಿಗೆ ಹಿಡಿದು ಬಂದಿಳಿದರು. ಬಂದವರೇ ತಮ್ಮನನ್ನು ಸುತ್ತು ಹಾಕಿ ನೋಡಿ, ನಾದಿನಿಯ ಕಡೆ ತಿರುಗಿದರು.

“ಚೆನ್ನಾಗಿ ನೋಡ್ಕೋ ಅಂತ ಕೊಟ್ರೆ ಮೂರಿಂಚು ಕರಗಿಸಿಬಿಟ್ಟಿದ್ದೀಯಲ್ಲೇ. ನಮ್ಮ ವಂಶದಲ್ಲಿ ಕುಳ್ಳರು ಅನ್ನೋರೇ ಇಲ್ಲ.”

ಹೀಗೆನ್ನುವಾಗ ಅಕ್ಕ ಕುರ್ಚಿಯಲ್ಲಿ ಕೂತಿದ್ದರು. ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

“ಅತ್ತಿಗೆ, ಅದು ಹಾಗಲ್ಲ, ಅವರು ಮೊದಲಿಂದಲೇ—” ಎಂದು ಹೆಂಡತಿ ಶುರುಮಾಡಿದಳು.

“ನೀನು ಸುಮ್ನಿರು. ಬೇಳೆ ಜಾಸ್ತಿ ಹಾಕು.”

ಬೀದಿಯ ಸುದ್ದಿ ಕಚೇರಿಗೂ ಮುಟ್ಟಿ, ಗುರುವಾರ ಅಲ್ಲಿಂದ ಸೂಪರಿಂಟೆಂಡೆಂಟರ ಪತ್ರ ಬಂತು. ‘ಸೇವಾ ಪುಸ್ತಕದಲ್ಲಿ ನಮೂದಾದ ವ್ಯಕ್ತಿಯು ಹಾಲಿ ಕೆಲಸ ಮಾಡುತ್ತಿರುವ ವ್ಯಕ್ತಿಗಿಂತ ಮೂರು ಇಂಚು ಹೆಚ್ಚಿರುವುದು ಗಮನಕ್ಕೆ ಬಂದಿದೆ. ಸದರಿ ಮೂರು ಇಂಚಿನ ಬಗ್ಗೆ ಸೋಮವಾರದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ದೈಹಿಕವಾಗಿ ಅನರ್ಹರೆಂದು ಪರಿಗಣಿಸಿ ಕಡ್ಡಾಯ ನಿವೃತ್ತಿಗೆ ಶಿಫಾರಸು ಮಾಡಲಾಗುವುದು.’

ಸಾಹೇಬರು ಪತ್ರವನ್ನು ಎರಡು ಸಲ ಓದಿ, “ನ್ಯಾಯವಾಗೇ ಕೇಳಿದಾರೆ,” ಎಂದರು. ಅಷ್ಟೇ. ಅಂದಿನಿಂದ ಊಟ ಅರ್ಧವಾಯಿತು. ದಿನಾ ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ಆನಿಸಿ ನಿಂತು ತಲೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳತೊಡಗಿದರು. ಸೈಕಲ್ ಕಟ್ಟಲು ಶುರುಮಾಡಿದ ಮೇಲೇ ಕುಗ್ಗಿದ್ದೆಂದು ತೀರ್ಮಾನಿಸಿ, ಆರು ವಾರಕ್ಕೆ ಮೂರಿಂಚಿನ ಲೆಕ್ಕದಲ್ಲಿ ಮುಂದಿನ ವರ್ಷ ಇಷ್ಟು ಹೊತ್ತಿಗೆ ತಾವು ಮೂರಡಿ ಎರಡಿಂಚು ಇರುವುದಾಗಿ ಬರೆದಿಟ್ಟರು. ಅಟ್ಟದ ಮೇಲಿದ್ದ ತಮ್ಮ ಕಡತಗಳನ್ನೆಲ್ಲ ಇಳಿಸಿ ಕೆಳಗಿನ ಗೂಡಿನಲ್ಲಿ ಜೋಡಿಸಿದರು.

“ಇವಳೇ,” ಎಂದರು ಶನಿವಾರ ಬೆಳಿಗ್ಗೆ. ಕಚೇರಿಯ ಮುದ್ರೆಯನ್ನು ಒರೆಸಿ, ವಾಪಸು ಕೊಡಲೆಂದು ಕಾಗದದಲ್ಲಿ ಸುತ್ತುತ್ತಿದ್ದರು. “ನಾನು ವಿವರಣೆ ಏನಂತ ಬರೀಲಿ? ಎಲ್ಲಿ ಹೋಯ್ತು ಅಂತ ನಂಗೇ ಗೊತ್ತಿಲ್ಲ. ಮುಂದೆ ಮೇಲಿನ ಡಬ್ಬ ಎಲ್ಲ ನೀನೇ ಇಳಿಸ್ಕೋಬೇಕು. ನಿಂಗೇನು, ಐದೂ ಒಂಬತ್ತಿದ್ದೀಯ.”

ಪೊಟ್ಟಣಕ್ಕೆ ಹಾಕಿದ ಗಂಟು ಎರಡು ಸಲ ಬಿಚ್ಚಿಕೊಂಡಿತು. ಅದನ್ನು ಹಾಕಿದ್ದು ಊರಿನ ತಕ್ಕಡಿಗಳನ್ನೆಲ್ಲ ನಡುಗಿಸಿದ ಕೈ.

ಇನ್ನು ಸುಮ್ಮನಿರುವುದು ಹೆಂಡತಿಯಿಂದ ಆಗಲಿಲ್ಲ. ಬಾಗಿಲಿಗೆ ಹೋದಳು, ಕಾಲೊರಸನ್ನು ಎತ್ತಿದಳು, ಹೊರಗೆ ಎರಡು ಸಲ ಕೊಡವಿದಳು. ಕಾಂಪೌಂಡಿನಾಚೆ ಟೀಚರಮ್ಮ ಕೆಮ್ಮಿದರು. ಒಳಗೆ ತಂದು ಅದನ್ನು ಸಾಹೇಬರ ಮೇಜಿನ ಮೇಲೆ, ಸೂಪರಿಂಟೆಂಡೆಂಟರ ಪತ್ರದ ಮೇಲೇ ಹಾಸಿದಳು.

“ಏನೇ ಇದು, ಕೊಳೆ,” ಎಂದರು ಅಕ್ಕ.

“ನಿಮ್ಮ ತಮ್ಮನ ಮೂರಿಂಚು ಅತ್ತಿಗೆ,” ಎಂದಳು ಹೆಂಡತಿ. “ಎಲ್ಲೂ ಹೋಗಿಲ್ಲ. ಬಾಗಿಲಲ್ಲೇ ಬಿದ್ದಿತ್ತು.” ಆಮೇಲೆ ಗಂಡನ ಕಡೆ ತಿರುಗಿ ಬೆರಳಿಟ್ಟು ತೋರಿಸಿದಳು. “ಈ ಬೂದು ಪಟ್ಟಿ ನಮ್ಮ ಮದುವೆ ವರ್ಷದ್ದು. ಈ ಕಂದು, ನಿಮಗೆ ಬಡ್ತಿ ಸಿಕ್ಕಾಗಿನದು. ಈ ನೀಲಿ ಹೋದ ವರ್ಷದ್ದು. ನೀವು ನಲವತ್ತೊಂದು ಅಂದಿರಿ, ಅವನು ಹೊಲಿದ, ನಾನು ಕತ್ತರಿಸಿದೆ. ಪ್ರತಿ ಸಲ.”

ಸಾಹೇಬರು ಅಳತೆಕೋಲು ತೆಗೆದು ಬೂದು ಪಟ್ಟಿಯ ಮೇಲಿಟ್ಟರು. ಮೂರಿಂಚು. ಕಂದು, ಮೂರಿಂಚು. ನೀಲಿ, ಮೂರಿಂಚು. ಎಣಿಸಿದರು. ಪ್ಯಾಂಟು ನಲವತ್ನಾಲ್ಕು, ಕಾಲು ಎಂಬತ್ತೆಂಟು, ಪಟ್ಟಿ ಎಂಬತ್ತೆಂಟು. ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ.

“ಹಾಗಾದ್ರೆ ನಾನು ಕುಗ್ಗಿಲ್ಲ?”

“ಇಲ್ಲ.”

“ಮೊದಲಿಂದಲೂ ಐದೂ ನಾಲ್ಕೇ?”

“ಮೊದಲಿಂದಲೂ.”

ಹೆಂಡತಿ ಗೋಡೆಗೆ ಆನಿಕೊಂಡಳು. ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು ಈಗ ಸಿಡಿಯುತ್ತದೆ, ಮನೆಯ ಲೋಟ ತಟ್ಟೆಗಳೆಲ್ಲ ಕಿವಿ ಮುಚ್ಚಿಕೊಳ್ಳಬೇಕು ಎಂದುಕೊಂಡಳು. ಸಾಹೇಬರು ಕುರ್ಚಿಗೆ ಒರಗಿದರು. ಹೊಟ್ಟೆಯ ಆಳದಿಂದ ಒಂದು ಉಸಿರು ಹೊರಬಂತು. ಅದು ಮುಗಿಯುವುದಕ್ಕೇ ಅರ್ಧ ನಿಮಿಷ ಹಿಡಿಯಿತು.

“ಅಬ್ಬ,” ಎಂದರು. “ನಾನು ಕುಳ್ಳ ಅಷ್ಟೇ. ಇದನ್ನ ಮೊದಲೇ ಹೇಳಬಾರದಾ? ಎರಡು ದಿನದಿಂದ ಹೊಟ್ಟೆ ತುಂಬ ಊಟ ಮಾಡಿಲ್ಲ. ಬಡಿಸು.”

ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ ಅವರ ಕೈ ತಟಕ್ಕನೆ ನಿಂತಿತು.

“ಹಾಗಾದ್ರೆ ನೀನೂ ಐದೂ ಒಂಬತ್ತಲ್ಲ?”

“ಅಲ್ಲ. ಐದೂ ಆರು.”

“ಪಾಪ,” ಎಂದರು ಸಾಹೇಬರು, ತುಂಬ ಮರುಕದಿಂದ. “ಇರಲಿ ಬಿಡು. ಬೇಜಾರು ಮಾಡ್ಕೋಬೇಡ.”

ಸೋಮವಾರ ಸೂಪರಿಂಟೆಂಡೆಂಟರ ಮೇಜಿಗೆ ವಿವರಣೆ ಹೋಯಿತು. ಒಂದೇ ಪುಟ. ಕೆಳಗೆ ‘ಲಗತ್ತು: ಕಾಲೊರಸು, ಒಂದು.’ ಸೂಪರಿಂಟೆಂಡೆಂಟರು ಅದನ್ನು ಬಿಡಿಸಿ ನೋಡಿದರು, ಪಟ್ಟಿ ಎಣಿಸಿದರು, ಎಣಿಸಿ ಮುಗಿಸಿದ ಮೇಲೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ನಕ್ಕು ಬಂದರು. ಆಮೇಲೆ ಗಂಭೀರವಾಗಿ ಸೇವಾ ಪುಸ್ತಕದಲ್ಲಿ ಏಳನ್ನು ಹೊಡೆದು ನಾಲ್ಕು ಬರೆದು ಮುದ್ರೆ ಒತ್ತಿದರು. ಆ ಕ್ಷಣದಿಂದ ಸಾಹೇಬರು ಅಧಿಕೃತವಾಗಿ ಕುಳ್ಳರಾದರು. ಮುದ್ರೆ ಬಿದ್ದ ಮೇಲೆ ಅವರಿಗೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ.

ಹಸಿರು ಸೈಕಲ್ಲು ಹೆಂಡತಿಗೆ ಅಳೆದು ಮಾಡಿಸಿದಂತಿತ್ತು. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ಬೀದಿಯ ಕೊನೆಯವರೆಗೆ ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಕಾಲಿಗೆ ಎಲ್ಲ ನೆನಪಾಯಿತು. ಈಗ ಗ್ರಂಥಾಲಯಕ್ಕೆ ಅದರಲ್ಲೇ ಹೋಗುತ್ತಾಳೆ. “ಬೆಸುಗೆ ಎಲ್ಲಾದ್ರೂ ಬಿಟ್ಟಿದೆಯಾ?” ಎಂದು ಸಾಹೇಬರು ದಿನಾ ಸಂಜೆ ಬಗ್ಗಿ ನೋಡುತ್ತಾರೆ. ಬಿಟ್ಟಿಲ್ಲ.

ಮೇಷ್ಟ್ರ ಮುಂದಿನ ತಂಡಕ್ಕೆ ಸಾಹೇಬರು ಮತ್ತೆ ಸೇರಿದರು. ಮೊದಲ ಭಾನುವಾರ ಯಾರೂ ಹೇಳುವ ಮುಂಚೆಯೇ ಬೂಟು ಬಿಚ್ಚಿ ಗೋಡೆಗೆ ಆನಿಕೊಂಡು ನಿಂತು, “ಅಳೀರಿ,” ಎಂದರು. ಆರು ವಾರದಲ್ಲಿ ಎರಡನೆಯ ಸೈಕಲ್ಲೂ ಎದ್ದು ನಿಂತಿತು. ಅದನ್ನು ಹತ್ತುವ ದಿನಕ್ಕೆಂದು ಹೊಸ ಪ್ಯಾಂಟು ಹೊಲಿಸಲು ದರ್ಜಿಯಲ್ಲಿಗೆ ಹೋಗಿ, ಅಂಗಡಿಯಲ್ಲಿದ್ದವರೆಲ್ಲರಿಗೂ ಕೇಳುವ ಹಾಗೆ, “ಉದ್ದ ಮೂವತ್ತೆಂಟು, ಬರ್ಕೋ,” ಎಂದರು. ದರ್ಜಿಯ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಆತ ಪುಸ್ತಕದಲ್ಲಿ ನಿಜ ಬರೆದ. ಬರೆದು, ಅಳೆದು, ಹೊಲಿದು, ಇಸ್ತ್ರಿ ಹಾಕಿ, ಕೊನೆಗೆ ಕೈಯ ರೂಢಿಯಂತೆ ಮೂರಿಂಚು ಕತ್ತರಿಸಿ, ಪೊಟ್ಟಣ ಕಟ್ಟಿ ಕಳಿಸಿದ.

ಭಾನುವಾರ ಬೆಳಿಗ್ಗೆ ಸಾಹೇಬರು ಅದನ್ನು ತೊಟ್ಟು ಅಂಗಳಕ್ಕೆ ಬಂದರು. ಕಾಲುಚೀಲ ಪೂರ್ತಿ ಕಾಣುತ್ತಿತ್ತು, ಅದರ ಮೇಲೆ ಒಂದಿಷ್ಟು ಕಾಲೂ ಕಾಣುತ್ತಿತ್ತು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ದರ್ಜಿ ಇದ್ದಕ್ಕಿದ್ದಂತೆ ತನ್ನ ಕೈಯನ್ನೇ ನೋಡಿಕೊಂಡು ಬೆವರಿದ. ಹೆಂಡತಿ ಹಸಿರು ಸೈಕಲ್ಲಿನ ಮೇಲೆ ಒಂದು ಕಾಲು ಊರಿ ಕಾಯುತ್ತಿದ್ದಳು.

ಸಾಹೇಬರು ಬಗ್ಗಿ ಪ್ಯಾಂಟಿನ ಅಂಚನ್ನು ನೋಡಿದರು, ಅಲ್ಲಿಂದ ಸೈಕಲ್ಲಿನ ಚೈನನ್ನು ನೋಡಿದರು. ಎರಡರ ನಡುವೆ ಎಷ್ಟು ಅಂತರವಿದೆಯೆಂದು ಬೆರಳಿಟ್ಟು ಅಳೆದರು. ಆಮೇಲೆ ಸೀಟಿನ ಮೇಲೆ ಕೂತರು. ಎರಡೂ ಕಾಲು ನೆಲಕ್ಕೆ ಮುಟ್ಟಿದವು.

“ಚೈನಿಗೆ ಸಿಕ್ಕೋದೇ ಇಲ್ಲ,” ಎಂದರು ದರ್ಜಿಗೆ. “ಬುದ್ಧಿವಂತ ಕಣಯ್ಯ ನೀನು.”

ಗಂಡ ಹೆಂಡತಿ ಇಬ್ಬರೂ ಬೀದಿಯ ತಿರುವು ದಾಟಿದರು. ಮನೆಯ ಬಾಗಿಲಲ್ಲಿ, ಕಚೇರಿಯಿಂದ ವಾಪಸು ಬಂದ ಕಾಲೊರಸು ಬಿಸಿಲು ಕಾಯಿಸುತ್ತ ಮಲಗಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಅದರ ಅಂಚಿನಲ್ಲಿ ಆ ಪ್ಯಾಂಟಿನಿಂದ ಕತ್ತರಿಸಿದ ಎರಡು ಪಟ್ಟಿ ಹೊಸದಾಗಿ ಸೇರಿದ್ದವು. ಒಂದರ ಮೂಲೆಯಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ, ಸಾಹೇಬರೇ ಒತ್ತಿದ ತೂಕ ಮತ್ತು ಅಳತೆ ಕಚೇರಿಯ ಮುದ್ರೆ.